ದೋಸೆ ಮೇಲಿನ ಬೆಣ್ಣೆ, ಹಿಟ್ಟಿನ ಒಳಗಿನ ಮಂಡಕ್ಕಿ

ಹೋದ ಡಿಸೆಂಬರ್‌ನಲ್ಲಿ ಅಕ್ಕನ ಮನೆಗೆ ಅಂತ ಮುಂಬೈಗೆ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಇನ್ನೂ ಸರಿಯಾಗಿ ಬೆಳಕು ಹರಿದಿರ್ಲಿಲ್ಲ, ಅಕ್ಕನ ಮಗಳು ಬಂದು ಹೊದಿಕೆ ಎಳೆದು "ಮಾಮ ಏಳು ಏಳು, ಬಾಂದ್ರಾಗೆ ಹೋಗ್ಬೇಕು, ಲೇಟಾದ್ರೆ ಕ್ಯೂ ದೊಡ್ಡದಾಗುತ್ತೆ" ಅಂದ್ಲು. ಏನಕ್ಕಮ್ಮ ಕ್ಯೂ ಅಂದ್ರೆ, ಬೆಣ್ಣೆ ದೋಸೆಗೆ! ನಾನು ಹುಟ್ಟಿ ಬೆಳೆದಿದ್ದು ದಾವಣಗೆರೆ, ಈಗ ಹದಿನೆಂಟು ವರ್ಷದಿಂದ ಬೆಂಗಳೂರು, ಮುಂಬೈಗೆ ಹೋಗಿ ಬೆಣ್ಣೆ ದೋಸೆಗೆ ಕ್ಯೂ ನಿಲ್ತೀನಿ ಅಂತ ಕನಸಲ್ಲೂ ಅನ್ಕೊಂಡಿರ್ಲಿಲ್ಲ.

ಹೋದ್ವಿ. 2024ರಲ್ಲಿ ಶುರುವಾದ ಪುಟ್ಟ ಅಂಗಡಿ ಅದು, ಹೆಸರೇ 'ಬೆಣ್ಣೆ'. ಒಳಗೆ ಕೂರೋಕೆ ಜಾಗ ಕಮ್ಮಿ, ಹೊರಗೆ ಫುಟ್‌ಪಾತ್ ಮೇಲೆ ಜನ ಹೆಸರು ಬರೆಸಿ ಕಾಯ್ತಾ ನಿಂತಿದ್ರು, ಅದ್ರಲ್ಲಿ ಮರಾಠಿಯವ್ರು, ಗುಜರಾತಿಗಳು, ಪಂಜಾಬಿಗಳು ಎಲ್ಲಾ ಇದ್ರು, ಕನ್ನಡ ಮಾತಾಡ್ತಿದ್ದೋರು ಅಂದ್ರೆ ನಾವು ಮಾತ್ರ. ಅಕ್ಕನ ಮಗಳ ಫ್ರೆಂಡ್ ಒಬ್ಳು ಜೊತೆಗೆ ಬಂದಿದ್ಲು. ನಮ್ಮ ಮಾಮಂದು ದಾವಣಗೆರೆ ಅಂತ ಇವ್ಳು ಹೇಳಿದ್ದಕ್ಕೆ ಆ ಹುಡುಗಿ ಕಣ್ಣು ದೊಡ್ಡದು ಮಾಡಿ ಹಿಂದಿಯಲ್ಲಿ ಕೇಳಿದ್ಲು, "ಅಂಕಲ್, ದಾವಣಗೆರೆ ಅನ್ನೋದು ಊರಾ? ನಾನು ಅದು ದೋಸೆ ಹೆಸರು ಅನ್ಕೊಂಡಿದ್ದೆ."

ಆ ಮಾತು ಅವತ್ತಿಂದ ತಲೇಲಿ ಕೂತ್ಕೊಂಡು ಬಿಟ್ಟಿದೆ. ಖುಷೀನೂ ಆಯ್ತು, ಎಲ್ಲೋ ಒಂಚೂರು ಸಂಕಟಾನೂ ಆಯ್ತು. ನಮ್ಮೂರ ಹೆಸರು ಅಷ್ಟು ದೂರ ಹೋಗಿದೆಯಲ್ಲ ಅಂತ ಖುಷಿ, ಆದ್ರೆ ಹೆಸರು ಹೋದಷ್ಟು ದೂರ ಊರು ಹೋಗಿಲ್ವಲ್ಲ ಅಂತ ಸಂಕಟ. ಈ ಪೋಸ್ಟ್ ಬರೀಬೇಕು ಅನ್ಸಿದ್ದೇ ಅದಕ್ಕೆ.

ಆ ಅಂಗಡಿ ದೋಸೆ ಚೆನ್ನಾಗಿತ್ತು, ಮೊದಲು ಅದನ್ನ ಹೇಳ್ಬಿಡ್ತೀನಿ. ಅವ್ರು ಮಾಡೋದು ಬೆಂಗಳೂರು ಸ್ಟೈಲ್ ದೋಸೆ, ಅವ್ರೇ ಹಾಗಂತ ಹೇಳ್ಕೊತಾರೆ, ಮೋಸ ಏನಿಲ್ಲ. ಗರಿಗರಿ, ಕೆಂಪಗೆ, ಮೇಲೆ ಬೆಣ್ಣೆ, ಜೊತೆಗೆ ಫಿಲ್ಟರ್ ಕಾಫಿ. ಮುಂಬೈಯೋರಿಗೆ ದೋಸೆ ಏನು ಹೊಸದಲ್ಲ ಬಿಡಿ, ಮಾಟುಂಗಾದಲ್ಲಿ ನಮ್ಮ ಉಡುಪಿ ಕಡೆಯೋರು ಸ್ವಾತಂತ್ರ್ಯ ಬರೋ ಮುಂಚೆಯಿಂದ ಹೋಟ್ಲು ಇಟ್ಕೊಂಡು ಮೂರು ತಲೆಮಾರಿಗೆ ಇಡ್ಲಿ ದೋಸೆ ತಿನ್ನಿಸಿದ್ದಾರೆ, ಕೆಫೆ ಮದ್ರಾಸ್, ರಾಮಾಶ್ರಯ, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವೆಲ್ಲಾ ಈಗ್ಲೂ ನಡೀತಿವೆ. ಆದ್ರೆ ಅಲ್ಲಿ ದೋಸೆ ಅಂದ್ರೆ 'ಸೌತ್ ಇಂಡಿಯನ್' ಅಷ್ಟೇ, ಯಾವ ಊರಿಂದು ಅಂತ ಯಾರೂ ಕೇಳ್ತಿರ್ಲಿಲ್ಲ. ಈಗ ಬಂದಿರೋ ಹೊಸ ಅಲೆ ಬೇರೆ ಥರ. ಊರ ಹೆಸರು ಹೇಳಿ ಮಾರ್ತಾರೆ. ಬೆಂಗಳೂರು ದೋಸೆ, ದಾವಣಗೆರೆ ದೋಸೆ, ತಟ್ಟೆ ಇಡ್ಲಿ, ಪುಡಿ ತುಪ್ಪ. ಮುಂಬೈ, ದೆಹಲಿಯಲ್ಲೆಲ್ಲಾ ಹೊಸದಾಗಿ ಕೆಫೆ ತೆಗೆಯೋ ಹುಡುಗ್ರು ನಮ್ಮ ದರ್ಶಿನಿಗಳ ಹಾಗೆ ಎತ್ತರದ ಟೇಬಲ್ಲು, ಸ್ಟೀಲ್ ತಟ್ಟೆ, ಲೋಟ ಬಟ್ಟಲು ಇಡ್ತಿದ್ದಾರೆ.

ಬೆಂಗಳೂರಲ್ಲಿ ಇದು ಶುರುವಾಗಿದ್ದು ಹೇಗೆ ಅಂತ ನಾವೆಲ್ಲಾ ಕಣ್ಣಾರೆ ನೋಡಿದ್ದೀವಿ. ನಿಂತ್ಕೊಂಡು ತಿನ್ನೋ ದರ್ಶಿನಿ ಬಂದಿದ್ದು 1983ರಲ್ಲಿ, ಜಯನಗರದ ಕೆಫೆ ದರ್ಶಿನಿಯಿಂದ. ಟೋಕನ್ ತಗೋ, ಕೌಂಟರ್‌ನಲ್ಲಿ ಕೊಡು, ತಿನ್ನು, ಹೋಗ್ತಾ ಇರು. ಅದು ಆಫೀಸಿಗೆ ಹೋಗೋರಿಗೆ, ಬಸ್ಸು ಹಿಡಿಯೋರಿಗೆ, ಕಮ್ಮಿ ದುಡ್ಡಲ್ಲಿ ಹೊಟ್ಟೆ ತುಂಬ್ಸೋಕೆ ಇದ್ದ ಜಾಗ. 2021ರಲ್ಲಿ ಇಂದಿರಾನಗರದಲ್ಲಿ ರಾಮೇಶ್ವರಂ ಕೆಫೆ ಬಂತು ನೋಡಿ, ಅಲ್ಲಿಂದ ಅದೇ ನಿಂತ್ಕೊಂಡು ತಿನ್ನೋದು ಒಂದು ನೋಡೋ ಸಂಗತಿ ಆಯ್ತು. ಜನ ಊರೂರಿಂದ ಬಂದು ವಿಡಿಯೋ ಮಾಡ್ಕೊಂಡು ಹೋಗೋಕೆ ಶುರು ಮಾಡಿದ್ರು. ಈಗ ನಮ್ಮ ಏರಿಯಾದಲ್ಲೇ ಎರಡು ಕಿಲೋಮೀಟರ್ ಒಳಗೆ ಏಳು ಬೋರ್ಡ್ ಇವೆ, ನಾನೇ ಒಂದಿನ ವಾಕಿಂಗ್ ಹೋಗೋವಾಗ ಎಣಿಸಿದೆ, ಏಳೂ ಕಡೆ 'ಬೆಣ್ಣೆ ದೋಸೆ' ಅಂತ ಇದೆ, ಅದ್ರಲ್ಲಿ ನಾಲ್ಕು ಕಡೆ ಮುಂದೆ 'ದಾವಣಗೆರೆ' ಅಂತಾನೂ ಇದೆ.

ಆ ನಾಲ್ಕರಲ್ಲೂ ತಿಂದು ನೋಡಿದ್ದೀನಿ. ಹೆಸರು ಹೇಳಲ್ಲ, ಯಾರ ಹೊಟ್ಟೆ ಮೇಲೂ ಹೊಡೆಯೋದು ಬೇಡ. ಒಂದು ಕಡೆ ಮಾತ್ರ ಊರಿನ ರುಚಿ ಹತ್ತಿರ ಹತ್ತಿರ ಬರುತ್ತೆ, ಅಲ್ಲಿ ಹಂಚಿನ ಮುಂದೆ ನಿಂತಿರೋ ಹುಡುಗ ಹರಪನಹಳ್ಳಿ ಕಡೆಯೋನು. ಇನ್ನು ಮೂರರಲ್ಲಿ ಆಗ್ತಿರೋದು ಏನಂದ್ರೆ ಬೆಂಗಳೂರು ಮಸಾಲೆ ದೋಸೆ ಹುಯ್ದು ಅದರ ಮೇಲೆ ಒಂದು ದೊಡ್ಡ ಉಂಡೆ ಬೆಣ್ಣೆ ಇಟ್ಟು ಕೊಡೋದು. ಉಂಡೆ ಕರಗಿ ದೋಸೆ ಮೇಲೆ ಹರಿಯೋದನ್ನ ಜನ ಫೋನಲ್ಲಿ ತೆಗೀತಾರೆ, ಅಲ್ಲಿಗೆ ಬೆಣ್ಣೆ ಕೆಲಸ ಮುಗೀತು. ಒಂದು ಕಡೆಯಂತೂ ನಾಲ್ಕು ತುತ್ತು ತಿನ್ನೋದ್ರಲ್ಲಿ ಅಂಗುಳಕ್ಕೆ ಮೇಣದ ಥರ ಏನೋ ಅಂಟ್ಕೊಳ್ತು, ಬಿಸಿ ಕಾಫಿ ಕುಡಿದ್ರೂ ಹೋಗ್ಲಿಲ್ಲ. ಅದು ಬೆಣ್ಣೆ ಅಲ್ಲ ಅಂತ ನಾಲಿಗೆಗೆ ಗೊತ್ತಾಗ್ಬಿಡುತ್ತೆ. ಕ್ಯಾಶ್ ಕೌಂಟರ್‌ನಲ್ಲಿ ಇದ್ದೋರನ್ನ ಮೆಲ್ಲಗೆ ಕೇಳ್ದೆ, ಅವ್ರು ಮುಖ ಆ ಕಡೆ ತಿರುಗಿಸ್ಕೊಂಡ್ರು. ತುಂಬಾ ಬೇಜಾರಾಯ್ತು. ದುಡ್ಡಿಗೆ ಅಲ್ಲ, ಬೋರ್ಡ್ ಮೇಲೆ ನಮ್ಮೂರ ಹೆಸರು ಇತ್ತಲ್ಲ ಅದಕ್ಕೆ.

ಈಗ ಊರಿನ ದೋಸೆ ಬಗ್ಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಬೆಣ್ಣೆ ದೋಸೆ ಮೊದಲನೇದಾಗಿ ಸೈಜಲ್ಲಿ ಚಿಕ್ಕದು. ಊಟದ ತಟ್ಟೆ ಒಳಗೆ ಆರಾಮಾಗಿ ಕೂರುತ್ತೆ. ತಳ ಗರಿ, ಮೇಲೆ ಮೆತ್ತಗೆ, ತುಂಬಾ ಸಣ್ಣ ಸಣ್ಣ ತೂತು. ಪಲ್ಯ ಬಿಳೀದು, ಅರಿಶಿನ ಹಾಕಲ್ಲ, ಆಲೂಗಡ್ಡೆ ಬೇಯಿಸಿ ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಮೆತ್ತಗೆ ಮಾಡಿರ್ತಾರೆ, ಖಾರ ಕಮ್ಮಿ. ಖಾರ ಎಲ್ಲಾ ಇರೋದು ಚಟ್ನಿಯಲ್ಲಿ, ತೆಂಗಿನಕಾಯಿ ಪುಟಾಣಿ ಹಾಕಿ ರುಬ್ಬಿದ ಸ್ವಲ್ಪ ನೀರು ನೀರಾದ ಚಟ್ನಿ. ಸಾಂಬಾರ್ ಇಲ್ಲ. ಬೆಂಗಳೂರಿನ ಫ್ರೆಂಡ್ಸ್ ಊರಿಗೆ ಬಂದಾಗ "ಸಾಂಬಾರ್ ತನ್ನಿ" ಅಂತಾರೆ, ಸಪ್ಲೈಯರ್ ಅಣ್ಣ "ಸಾಂಬಾರ್ ಇಲ್ಲ ಸರ, ಚಟ್ನಿ ಹಾಕ್ಲಾ?" ಅಂತ ಬಕೆಟ್ ಹಿಡ್ಕೊಂಡು ಬಂದ್ಬಿಡ್ತಾರೆ. ಓಪನ್ ದೋಸೆ ಅಂತ ಇನ್ನೊಂದು ಬರುತ್ತೆ, ಅದ್ರಲ್ಲಿ ಚಟ್ನಿಪುಡಿ ಪಲ್ಯ ಮೇಲೇನೇ ಹಚ್ಚಿ ಮಡಚದೆ ಕೊಡ್ತಾರೆ. ಆಮೇಲೆ ಖಾಲಿ. ಖಾಲಿ ದೋಸೆ ಅಂದ್ರೆ ಇನ್ನೂ ದಪ್ಪ, ಮೆತ್ತಗೆ, ಹಲ್ಲಿಲ್ಲದ ಅಜ್ಜಂದಿರು ಚಟ್ನಿಯಲ್ಲಿ ನೆನೆಸ್ಕೊಂಡು ತಿಂತಾರೆ.

ಇದೆಲ್ಲಾ ಎಲ್ಲಿಂದ ಬಂತು ಅಂದ್ರೆ ಊರಲ್ಲಿ ಎಲ್ರೂ ಹೇಳೋದು ಚೆನ್ನಮ್ಮನ ಕಥೆ. 1928ರ ಸುಮಾರಿಗೆ ಬೆಳಗಾವಿ ಜಿಲ್ಲೆಯಿಂದ ಮಕ್ಕಳನ್ನ ಕಟ್ಕೊಂಡು ದಾವಣಗೆರೆಗೆ ಬಂದು, ಸಾವಳಗಿ ನಾಟಕ ಥಿಯೇಟರ್ ಹತ್ರ ದೋಸೆ ಹಾಕೋಕೆ ಶುರು ಮಾಡಿದ ಹೆಣ್ಮಗಳು. ಮೊದಲು ಹಾಕ್ತಿದ್ದಿದ್ದು ರಾಗಿ ಹಿಟ್ಟಿನ ದೋಸೆ, ಮೇಲೆ ಬೆಣ್ಣೆ. ಆಮೇಲೆ ಹತ್ತು ವರ್ಷ ಆದ್ಮೇಲೆ ಅವರ ಮಕ್ಕಳ ಕಾಲಕ್ಕೆ ಅಕ್ಕಿ ಹಿಟ್ಟಿಗೆ ಬಂತು, ಅಲ್ಲಿಂದ ಈಗಿನ ರೂಪ. ನಾಟಕ ನೋಡೋಕೆ ಬಂದೋರು, ಮಿಲ್ಲಿನೋರು, ಸಂತೆಗೆ ಬಂದ ರೈತರು, ಇವ್ರೇ ಗಿರಾಕಿಗಳು. ಒಬ್ಬ ಹೆಣ್ಮಗಳು ಮಕ್ಕಳ ಹೊಟ್ಟೆಗೆ ಅಂತ ಇಟ್ಟ ಹಂಚು ಅದು, ಇವತ್ತು ಬಾಂದ್ರಾ ತನಕ ಹೋಗಿದೆ. ನನಗೆ ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ. ಆ ಕ್ಯೂನಲ್ಲಿ ನಿಂತಿದ್ದ ಆ ಹುಡುಗಿಗೆ ನಾನು ಹೇಳಿದ್ದು ಇದೇ ಕಥೆ.

ನಮ್ಮಪ್ಪ ಕಾಟನ್ ಮಿಲ್ಲಲ್ಲಿ ಇದ್ರು. ಆಗ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಈಗಿನ ಮಕ್ಕಳಿಗೆ ಹೇಳಿದ್ರೆ ನಂಬಲ್ಲ, ಮಿಲ್ಲುಗಳು ಒಂದೊಂದೇ ಮುಚ್ಚಿ ಈಗ ಕಾಲೇಜುಗಳ ಊರಾಗಿದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬರೋವಾಗ ಸಂಬಳ ಆದ ವಾರ ಅಪ್ಪ ದೋಸೆ ಕಟ್ಟಿಸ್ಕೊಂಡು ಬರ್ತಿದ್ರು. ಮುತ್ತುಗದ ಎಲೆ, ಅದರ ಮೇಲೆ ನ್ಯೂಸ್ ಪೇಪರ್, ದಾರ. ಪೇಪರ್ ಮೇಲೆ ಬೆಣ್ಣೆ ಜಿನುಗಿ ಅಕ್ಷರ ಎಲ್ಲಾ ಕನ್ನಡಿ ಥರ ಆಚೆ ಕಾಣ್ತಿದ್ವು. ಅಪ್ಪನ ಅಂಗಿ ಮೇಲೆ ಹತ್ತಿ ಎಳೆ, ಕೈಯಲ್ಲಿ ದೋಸೆ ಪೊಟ್ಟಣ. ನಾನು ಅಕ್ಕ ಬಾಗಿಲಲ್ಲೇ ಕಾಯ್ತಿದ್ವಿ. ಬಿಚ್ಚಿದ್ರೆ ಎಲೆ ವಾಸನೆ, ಹೊಗೆ ವಾಸನೆ, ಬೆಣ್ಣೆ ವಾಸನೆ ಮೂರೂ ಒಟ್ಟಿಗೆ ಬರೋದು. ಗರಿ ಎಲ್ಲಾ ಹೋಗಿ ಮೆತ್ತಗಾಗಿರ್ತಿತ್ತು, ಆದ್ರೂ ಅದೇ ರುಚಿ ನನಗೆ ಇವತ್ತಿಗೂ ಅಳತೆಗೋಲು. ಅಪ್ಪ ತಾವು ತಿಂತಿರ್ಲಿಲ್ಲ, "ನಂದು ಅಲ್ಲೇ ಆತು, ನೀವು ತಿನ್ರಿ" ಅಂತ ಹೇಳಿ ಮಲಗ್ತಿದ್ರು. ಅವ್ರು ಅಲ್ಲಿ ತಿಂದಿರ್ತಿರ್ಲಿಲ್ಲ ಅಂತ ಅವ್ವ ನಮಗೆ ಹೇಳಿದ್ದು ಅಪ್ಪ ಹೋದ್ಮೇಲೆ.

ಆ ಹೊಗೆ ವಾಸನೆ ಅಂದ್ನಲ್ಲ, ಅದು ಕಟ್ಟಿಗೆ ಒಲೇದು. ಊರಲ್ಲಿ ಹಳೇ ಹೋಟ್ಲುಗಳಲ್ಲಿ ಈಗ್ಲೂ ಕಟ್ಟಿಗೆ ಉರಿ ಮೇಲೆ ದಪ್ಪ ಕಬ್ಬಿಣದ ಹಂಚು. ಬೆಳಗಿನ ಹೊತ್ತು ಒಲೆ ಮುಂದೆ ಹೋಗಿ ನಿಂತು ನೋಡ್ಬೇಕು ನೀವು. ಹಂಚಿಗೆ ನೀರು ಚಿಮುಕಿಸ್ತಾರೆ, ಚುಂಯ್ ಅಂತ ಹನಿ ಎಲ್ಲಾ ಓಡಾಡುತ್ತೆ, ಕಡ್ಡಿ ಪೊರಕೆ ತಗೊಂಡು ಒಂದೇ ಎಳೆತಕ್ಕೆ ಗುಡಿಸ್ತಾರೆ, ಆ ನೀರಿನ ಹನಿ ಓಡೋ ಸ್ಪೀಡ್ ನೋಡಿನೇ ಅವ್ರಿಗೆ ಹಂಚಿನ ಕಾವು ಗೊತ್ತಾಗೋದು. ಒಂದು ಸಾಲಿಗೆ ನಾಲ್ಕು, ಮೂರು ಸಾಲು, ಹನ್ನೆರಡು ದೋಸೆ, ಬಟ್ಟಲಿನ ತಳದಿಂದ ಸುತ್ತು ಹಾಕ್ತಾ ಹೋಗ್ತಾರೆ, ಹನ್ನೆರಡನೇದು ಹುಯ್ಯೋ ಹೊತ್ತಿಗೆ ಮೊದಲನೇದರ ಮೇಲೆ ತೂತು ಬಿದ್ದಿರುತ್ತೆ. ಆಗ ಬೆಣ್ಣೆ. ಪಕ್ಕದಲ್ಲಿ ಸ್ಟೀಲ್ ಬೋಗುಣೀಲಿ ನೀರಲ್ಲಿ ತೇಲ್ತಿರೋ ಬಿಳೀ ಬೆಣ್ಣೆ, ಕೈಯಲ್ಲೇ ಚಿವುಟಿ ಚಿವುಟಿ ದೋಸೆ ಮೇಲೆ ಹಾಕ್ಕೊಂಡು ಹೋಗ್ತಾರೆ. ಇನ್ನೂ ಹಸಿ ಇರೋ ಹಿಟ್ಟಿನ ತೂತುಗಳ ಒಳಗೆ ಬೆಣ್ಣೆ ಇಳಿಯುತ್ತೆ, ಇಳಿದು ಹಂಚು ಮುಟ್ಟುತ್ತೆ, ಅಲ್ಲಿ ಅಂಚು ಕೆಂಪಗಾಗುತ್ತೆ. ಉರಿ ಜಾಸ್ತಿ ಆದ್ರೆ ಒಂದು ಕಟ್ಟಿಗೆ ಹಿಂದಕ್ಕೆ ಎಳೀತಾರೆ. ಗ್ಯಾಸ್ ತಿರುಗಿಸೋ ಹಾಗೆ ಅಲ್ಲ ಇದು, ಎರಡು ನಿಮಿಷ ಮುಂಚೆನೇ ಯೋಚ್ನೆ ಮಾಡಿರ್ಬೇಕು.

ನೋಡಿದ್ರಾ, ಬೆಣ್ಣೆ ಬೀಳೋದು ದೋಸೆ ಹಸಿ ಇರೋವಾಗ. ರೀಲ್ಸ್‌ನಲ್ಲಿ ಕಾಣೋ ದೋಸೆಗೆ ಬೆಣ್ಣೆ ಬೀಳೋದು ದೋಸೆ ಪೂರ್ತಿ ಆದ್ಮೇಲೆ, ತಟ್ಟೆಗೆ ಬಂದ್ಮೇಲೆ. ಎಷ್ಟು ದೊಡ್ಡ ವ್ಯತ್ಯಾಸ! ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಬ್ಬು, ಮಿಕ್ಕಿದ್ದು ಹೆಚ್ಚುಕಮ್ಮಿ ನೀರು, ಜೊತೆಗೆ ಸ್ವಲ್ಪ ಹಾಲಿನ ಅಂಶ. ಹಂಚಿನ ಮೇಲೆ ಬಿದ್ದಾಗ ಆ ನೀರು ಆವಿಯಾಗಿ ಹಿಟ್ಟನ್ನ ಒಳಗಿಂದ ಬೇಯಿಸುತ್ತೆ, ಹಾಲಿನ ಅಂಶ ಕೆಂಪಗಾಗಿ ಆ ವಾಸನೆ ಕೊಡುತ್ತೆ. ತಟ್ಟೆ ಮೇಲೆ ಕರಗಿದ ಬೆಣ್ಣೆಯಲ್ಲಿ ಇದ್ಯಾವುದೂ ಆಗಲ್ಲ, ಅದು ಬರೀ ಜಿಡ್ಡು. ಅದಕ್ಕೇ ಎಷ್ಟು ಹಾಕಿದ್ರೂ ಸಾಕಾಗಲ್ಲ ಅನ್ಸುತ್ತೆ, ಇನ್ನೊಂದು ಉಂಡೆ ಹಾಕ್ತಾರೆ. ನಮ್ಮೂರಲ್ಲಿ ಕಮ್ಮಿ ಬೆಣ್ಣೆಯಲ್ಲೇ ಜಾಸ್ತಿ ರುಚಿ ಬರೋದು ಇದಕ್ಕೆ. ಮತ್ತೆ ಅದು ಉಪ್ಪಿಲ್ಲದ ಬಿಳೀ ಬೆಣ್ಣೆ, ಮೊಸರು ಕಡೆದು ತೆಗೆದದ್ದು, ಸಣ್ಣ ಹುಳಿ ಇರುತ್ತೆ. ಪ್ಯಾಕೆಟ್ಟಿನ ಹಳದಿ ಬೆಣ್ಣೆಯಲ್ಲಿ ಉಪ್ಪಿರುತ್ತೆ, ಅದು ಹಾಕಿದ್ರೆ ಚಟ್ನಿ ಉಪ್ಪು ಬೆಣ್ಣೆ ಉಪ್ಪು ಎರಡೂ ಸೇರಿ ಜಗಳ ಆಡುತ್ವೆ.

ಇಷ್ಟೆಲ್ಲಾ ಹೇಳಿದ್ಮೇಲೂ ನಿಜವಾದ ಮಾತು ಇನ್ನೂ ಹೇಳಿಲ್ಲ. ಹೆಸರು ಬೆಣ್ಣೇದು, ಆದ್ರೆ ದೋಸೆ ಜೀವ ಇರೋದು ಮಂಡಕ್ಕಿಯಲ್ಲಿ. ದಾವಣಗೆರೆ ದೋಸೆ ಹಿಟ್ಟಿಗೆ ಅಕ್ಕಿ ಉದ್ದು ಮೆಂತ್ಯ ಜೊತೆಗೆ ಮಂಡಕ್ಕಿ ನೆನೆಸಿ ಹಿಂಡಿ ರುಬ್ತಾರೆ. ಮಂಡಕ್ಕಿ ಅಂದ್ರೆ ಆಗ್ಲೇ ಒಂದ್ಸಲ ಬೆಂದು ಅರಳಿದ ಅಕ್ಕಿ. ಅದು ಹಿಟ್ಟಲ್ಲಿ ಸೇರಿದ್ರೆ ದೋಸೆಗೆ ಆ ಮೆತ್ತನೆ ಒಳಗು, ಆ ತೂತುಗಳು ಬರುತ್ವೆ. ತೂತು ಇಲ್ಲದಿದ್ರೆ ಬೆಣ್ಣೆ ಇಳಿಯೋದು ಎಲ್ಲಿ? ಗಟ್ಟಿ ಗರಿ ದೋಸೆ ಮೇಲೆ ಬೆಣ್ಣೆ ಜಾರಿ ತಟ್ಟೆಗೆ ಹೋಗುತ್ತೆ ಅಷ್ಟೇ. ಬೆಂಗಳೂರಿನ ಆ ಮೂರು ಕಡೆ ತಪ್ಪಿದ್ದು ಇಲ್ಲೇ ಅಂತ ನನ್ನ ಖಚಿತ ಅಭಿಪ್ರಾಯ, ಬೆಣ್ಣೆ ಕಣ್ಣಿಗೆ ಕಾಣುತ್ತೆ ಅದನ್ನ ಕಾಪಿ ಮಾಡಿದ್ರು, ಮಂಡಕ್ಕಿ ಕಾಣಲ್ಲ, ಬಿಟ್ಬಿಟ್ರು.

ಮಂಡಕ್ಕಿ ನಮ್ಮೂರಲ್ಲಿ ಸಿಗೋದು ಕಾಕತಾಳೀಯ ಅಲ್ಲ. ಭದ್ರಾ ನೀರು ಬಂದ್ಮೇಲೆ ಸುತ್ತಮುತ್ತ ಎಲ್ಲಾ ಭತ್ತದ ಗದ್ದೆ, ಭತ್ತ ಇದ್ದಲ್ಲಿ ಮಂಡಕ್ಕಿ ಭಟ್ಟಿ. ಊರಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಏರಿಯಾ ಇದೆ. ಸಾಯಂಕಾಲ ಆದ್ರೆ ಊರಿಗೆ ಊರೇ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತೆ, ನರ್ಗೀಸ್ ಮಂಡಕ್ಕಿ ಅಂತ ಕೇಳಿದ್ದೀರಾ? ಬಂದಾಗ ತಿನ್ನಿ. ಅಂದ್ರೆ ಸಾಯಂಕಾಲ ತಿನ್ನೋ ಮಂಡಕ್ಕಿನೇ ಬೆಳಿಗ್ಗೆ ದೋಸೆ ಒಳಗೂ ಇರುತ್ತೆ. ಹೊರಗಿನೋರಿಗೆ ಇದು ಗೊತ್ತಾಗೋದೇ ಇಲ್ಲ.

ನಾನು ಬೆಂಗಳೂರಿನ ಮನೇಲಿ ಮಾಡೋಕೆ ಹೋಗಿ ನಾಲ್ಕೈದು ಸಲ ಕೆಡಿಸಿದ್ದೀನಿ. ಅವ್ವನಿಗೆ ಫೋನ್ ಮಾಡಿ ಅಳತೆ ಕೇಳಿದ್ರೆ "ನಾಕು ಪಾವು ಅಕ್ಕಿಗೆ ಒಂದು ಪಾವು ಉದ್ದು, ಎಳ್ಡು ಚಿಟಿಕಿ ಮೆಂತ್ಯ, ಮಂಡಕ್ಕಿ ಎಲ್ಡು ಬೊಗಸಿ" ಅಂದ್ರು. ನಾನು ಅಂಗಡಿಯಲ್ಲಿ ಸಿಕ್ಕ ಪ್ಯಾಕೆಟ್ ಮಂಡಕ್ಕಿ ಹಾಕಿದೆ, ಹಿಟ್ಟು ಉಪ್ಪುಪ್ಪಾಯ್ತು, ಮೊದಲೇ ಉಪ್ಪು ಹಾಕಿ ಹುರಿದಿದ್ದು ಅದು. ಆಮೇಲೆ ಮಂಡಕ್ಕಿನ ನೆನೆಸಿ ಹಿಂಡದೆ ಹಾಕಿದೆ, ಹಿಟ್ಟು ನೀರಾಯ್ತು, ಹಂಚಿಗೆ ಅಂಟ್ಕೊಂಡು ಏಳಲೇ ಇಲ್ಲ. ಮತ್ತೊಂದು ಸಲ ಎಲ್ಲಾ ಸರಿ ಇತ್ತು ಆದ್ರೆ ನಾನ್‌ಸ್ಟಿಕ್ ತವಾ. ನಾನ್‌ಸ್ಟಿಕ್ ತೆಳ್ಳಗಿರುತ್ತೆ, ಹಿಟ್ಟು ಬಿದ್ದ ಕೂಡ್ಲೆ ತಣ್ಣಗಾಗ್ಬಿಡುತ್ತೆ, ದೋಸೆ ಬೆಳ್ಳಗೆ ಬೇಯುತ್ತೆ ಹೊರತು ಕೆಂಪಾಗಲ್ಲ. ಕೊನೆಗೆ ಊರಿಂದ ಅವ್ವನ ಹಳೇ ಕಬ್ಬಿಣದ ಹಂಚು ಬಸ್ಸಲ್ಲಿ ಹೊತ್ಕೊಂಡು ಬಂದೆ, ಆಮೇಲೆ ದಾರಿಗೆ ಬಂತು. ಹಿಟ್ಟು ಬೆಂಗಳೂರು ಚಳಿಗೆ ಡಿಸೆಂಬರ್‌ನಲ್ಲಿ ರಾತ್ರಿಯೆಲ್ಲಾ ಇಟ್ರೂ ಉಬ್ಬಲ್ಲ, ಒಂದು ದೊಡ್ಡ ಪಾತ್ರೇಲಿ ಬಿಸಿನೀರಿಟ್ಟು ಅದ್ರ ಪಕ್ಕ ಹಿಟ್ಟಿನ ಪಾತ್ರೆ ಇಟ್ಟು ದಪ್ಪ ಟವೆಲ್ ಹೊದಿಸಿಡಿ, ಬೆಳಿಗ್ಗೆ ನೋಡಿ. ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಹೇಳ್ದೆ.

ಹೊಸ ಹೋಟ್ಲುಗಳಿಗೆ ಕಟ್ಟಿಗೆ ಒಲೆ ಕಷ್ಟ, ಅದನ್ನ ನಾನು ಒಪ್ಕೊಳ್ತೀನಿ. ಬಿಲ್ಡಿಂಗ್ ಓನರ್ ಬಿಡಲ್ಲ, ಮೇಲಿನ ಮನೆಯೋರು ಹೊಗೆ ಅಂತ ಕಂಪ್ಲೇಂಟ್ ಮಾಡ್ತಾರೆ, ಮಾಲ್‌ಗಳಲ್ಲಂತೂ ಮಾತೇ ಇಲ್ಲ. ಒಲೆ ಮುಂದೆ ದಿನಾ ಹೊಗೆ ಕುಡಿಯೋ ಕೆಲಸದೋರ ಎದೆ ಗತಿ ಏನು ಅನ್ನೋದೂ ಇದೆ, ಊರಿನ ಹೋಟ್ಲಲ್ಲಿ ದೋಸೆ ಹಾಕೋ ಅಣ್ಣಂದಿರ ಕಣ್ಣು ಯಾವಾಗ್ಲೂ ಕೆಂಪು. ಹಾಗಾಗಿ ಕಟ್ಟಿಗೆನೇ ಬೇಕು ಅಂತ ಹಟ ಮಾಡೋನಲ್ಲ ನಾನು. ಗ್ಯಾಸ್ ಮೇಲೆ ದಪ್ಪ ಹಂಚಿಟ್ಟು ನಿಧಾನಕ್ಕೆ ಕಾಯಿಸಿದ್ರೆ ಮುಕ್ಕಾಲು ಪಾಲು ರುಚಿ ಬರುತ್ತೆ. ಆದ್ರೆ ಮಂಡಕ್ಕಿ ಹಾಕೋಕೆ ಏನು ಕಷ್ಟ? ಬಿಳೀ ಬೆಣ್ಣೆ ತರಿಸೋಕೆ ಏನು ಕಷ್ಟ? ಒಂದು ಇಂಟೀರಿಯರ್‌ಗೆ ಲಕ್ಷಗಟ್ಟಲೆ ಹಾಕ್ತಾರೆ, ಗೋಡೆ ಮೇಲೆ ಹಳೇ ಮೈಸೂರು ಫೋಟೋ, ಹಿತ್ತಾಳೆ ದೀಪ, ನಿಯಾನ್ ಲೈಟಲ್ಲಿ ಕನ್ನಡ ಅಕ್ಷರ. ಹಿಟ್ಟಿಗೆ ಎರಡು ಬೊಗಸೆ ಮಂಡಕ್ಕಿ ಹಾಕಲ್ಲ.

ರೇಟಿನ ವಿಷಯಕ್ಕೂ ಒಂದು ಮಾತು. ಜನ ಬೈತಾರೆ ದೋಸೆಗೆ ಇಷ್ಟಾ ಅಂತ. ನಾನು ಬೈಯಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಏರ್ತು, ಕಾಫಿಪುಡಿ ರೇಟು ಅದಕ್ಕಿಂತ ಮುಂಚೆನೇ ಏರಿತ್ತು, ತೆಂಗಿನಕಾಯಿ ಅಂತೂ ಆ ವರ್ಷ ಕೈಗೆ ಸಿಗದ ಹಾಗಾಯ್ತು. ಚಟ್ನಿ ಇಲ್ಲದೆ ದೋಸೆ ಕೊಡೋಕಾಗುತ್ತಾ? ಬೀದಿ ಬದಿ ಗಾಡಿಯೋರ ಪಾಡು ಇನ್ನೂ ಕಷ್ಟ. ಅದೇ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಟ್ಯಾಕ್ಸ್ ನೋಟಿಸ್ ಬಂತಲ್ಲ, ನಮ್ಮ ಆಫೀಸ್ ಹತ್ರ ದೋಸೆ ಗಾಡಿ ಅಕ್ಕ ಕ್ಯೂಆರ್ ಕೋಡ್ ಕಿತ್ತು ಹಾಕಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ರಟ್ಟಿನ ಮೇಲೆ ಬರೆದು ನೇತು ಹಾಕಿದ್ರು. ನೋಟಿಸ್ ಅವ್ರಿಗೆ ಬಂದೇ ಇರ್ಲಿಲ್ಲ, ಬರುತ್ತೇನೋ ಅಂತ ಹೆದರ್ಕೊಂಡಿದ್ರು. "ಅಣ್ಣ ನಾನು ಓದಿಲ್ಲ, ಕಾಗದ ಬಂದ್ರೆ ಯಾರತ್ರ ಹೋಗ್ಲಿ" ಅಂದ್ರು. ಆಮೇಲೆ ಸರ್ಕಾರ ಹಳೇ ಬಾಕಿ ಕೇಳಲ್ಲ ಅಂತ ಹೇಳಿದ್ಮೇಲೆ ಕೋಡ್ ವಾಪಸ್ ಬಂತು. ಆ ಅಕ್ಕ ಕೊಡೋ ಖಾಲಿ ದೋಸೆ, ಬೋರ್ಡ್ ಇಲ್ಲ ಬ್ರ್ಯಾಂಡ್ ಇಲ್ಲ, ನಾನು ತಿಂದ ಆ ನಾಲ್ಕು ಅಂಗಡಿಯಲ್ಲಿ ಮೂರಕ್ಕಿಂತ ಚೆನ್ನಾಗಿದೆ. ಅವ್ರದ್ದು ಹೊನ್ನಾಳಿ ಕಡೆ. ಕೇಳ್ದೆ, ಮಂಡಕ್ಕಿ ಹಾಕ್ತೀರಾ ಅಂತ. "ಹಾಕ್ದೆ ಇದ್ರೆ ಅದೆಂಥ ದೋಸಿ ಅಣ್ಣ" ಅಂದ್ರು.

ಈ ಏಪ್ರಿಲ್ ರಜೆಗೆ ಅಕ್ಕ, ಅಕ್ಕನ ಮಗಳು ಊರಿಗೆ ಬಂದ್ರು, ನಾನೂ ಹೋದೆ. ಮುಂಬೈಯಿಂದ ಪುಣೆ ಮೇಲೆ ಬರೋ ಹೈವೇನೇ ನಮ್ಮೂರ ಪಿ.ಬಿ. ರೋಡ್ ಆಗಿದ್ದು ಅಂತ ಅವಳಿಗೆ ಮ್ಯಾಪಲ್ಲಿ ತೋರಿಸ್ದೆ, ಪಿ ಅಂದ್ರೆ ಪುಣೆ ಬಿ ಅಂದ್ರೆ ಬೆಂಗಳೂರು ಅಂತ ಅವಳಿಗೆ ಗೊತ್ತೇ ಇರ್ಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಹಳೇ ಹೋಟ್ಲಿಗೆ ಕರ್ಕೊಂಡು ಹೋದೆ. ಮೊದಲು ಫೋನ್ ತೆಗೆದು ಒಲೆ ಕಡೆ ಹಿಡಿದ್ಲು, ಹೊಗೆಗೆ ಕಣ್ಣಲ್ಲಿ ನೀರು ಬಂದು ಫೋನ್ ಕೆಳಗಿಳಿಸಿದ್ಲು. ದೋಸೆ ಹಾಕ್ತಿದ್ದ ಅಣ್ಣ "ಇತ್ಲಾಗ್ ಬಾ ತಂಗಿ, ಗಾಳಿ ಆ ಕಡಿಗೈತಿ" ಅಂತ ಪಕ್ಕದಲ್ಲೇ ಜಾಗ ಕೊಟ್ರು. ಬೆಣ್ಣೆ ಚಿವುಟಿ ಹಾಕೋದನ್ನ ಅಷ್ಟು ಹತ್ರದಿಂದ ನೋಡಿ ಅವಳು ಕೇಳಿದ ಮೊದಲ ಮಾತು, "ಮಾಮ, ಇಷ್ಟೇ ಇಷ್ಟಾ ಬೆಣ್ಣೆ?" ತಿಂದಾದ್ಮೇಲೆ ಏನೂ ಹೇಳ್ಲಿಲ್ಲ, ಇನ್ನೆರಡು ಬೇಕು ಅಂತ ಬೆರಳು ತೋರಿಸಿದ್ಲು.

ಅಲ್ಲಿಂದ ಮಂಡಕ್ಕಿ ಭಟ್ಟಿಗೆ ಹೋದ್ವಿ. ಬಾಂಡ್ಲಿಯಲ್ಲಿ ಮರಳು ಕಾದಿತ್ತು, ಅದ್ರೊಳಗೆ ಅಕ್ಕಿ ಬಿದ್ದ ಕೂಡ್ಲೆ ಪಟಪಟ ಅಂತ ಅರಳಿ ಬೆಳ್ಳಗೆ ಮೇಲೆ ಬಂತು, ಜರಡಿಯಲ್ಲಿ ಎತ್ತಿ ಮರಳು ಉದುರಿಸಿ ರಾಶಿಗೆ ಹಾಕಿದ್ರು, ಎಲ್ಲಾ ಕ್ಷಣದಲ್ಲಿ. ಕೆಲಸ ಮಾಡ್ತಿದ್ದೋರು ಒಂದು ಹಿಡಿ ಅವಳ ಕೈಗೆ ಹಾಕಿದ್ರು, ಸುಡುಸುಡು, ಒಂದು ಕೈಯಿಂದ ಇನ್ನೊಂದು ಕೈಗೆ ಹಾಕ್ಕೊಂಡು ಊದಿ ಊದಿ ತಿಂದ್ಲು. ಅಲ್ಲೇ ನಿಂತು ಆ ಫ್ರೆಂಡ್‌ಗೆ ವಿಡಿಯೋ ಕಾಲ್ ಮಾಡಿದ್ಲು. ಫೋನ್ ತಿರುಗಿಸಿ ಭಟ್ಟಿ, ಚೀಲ, ಬೀದಿ, ಗೋಡೆ, ಆಟೋ ಎಲ್ಲಾ ತೋರಿಸ್ತಾ ಹಿಂದಿಯಲ್ಲಿ ಹೇಳ್ತಿದ್ಲು, "ನೋಡು, ಇದೇ ದಾವಣಗೆರೆ, ಇದು ಊರು."

ವಾಪಸ್ ಹೋಗೋವಾಗ ಅಕ್ಕನ ಬ್ಯಾಗಲ್ಲಿ ಸೀರೆ ತೆಗೆದು ಆ ಜಾಗದಲ್ಲಿ ಎರಡು ಕೆ.ಜಿ. ಉಪ್ಪಿಲ್ಲದ ಮಂಡಕ್ಕಿ ತುರುಕಿದ್ವಿ. ಒಂದು ಕೆ.ಜಿ. ಅವ್ರ ಮನೆಗೆ, ಒಂದು ಆ ಹುಡುಗಿ ಮನೆಗೆ. ಅವ್ವ ಮಾತ್ರ ಬಸ್ ಹೊರಡೋ ತನಕ ಕಿಟಕಿ ಹತ್ರ ನಿಂತು ಮೊಮ್ಮಗಳಿಗೆ ಹೇಳ್ತಾನೇ ಇದ್ರು, "ಹಿಂಡಿ ಹಾಕ್ಬೇಕವ್ವ, ಮರಿಬ್ಯಾಡ, ನಿಮ್ಮ ಮಾಮನಂಗ ನೀರು ಸಮೇತ ಹಾಕ್ಬ್ಯಾಡ."